ಮಂದ ಬೆಳಕಿನಲ್ಲಿ ಎರಡು ಫುಲ್ ಫ್ರೇಮ್ ಕ್ಯಾಮೆರಾಗಳ ನಾಯ್ಸ್ ಹೋಲಿಸುವ ಬಗೆ

ಎರಡು ಫುಲ್ ಫ್ರೇಮ್ ಕ್ಯಾಮೆರಾಗಳಲ್ಲಿ ಐಎಸ್‌ಒ (ಚಿತ್ರದ ಹೊಳಪನ್ನು ನಿಗದಿಪಡಿಸುವ ಸೆಟ್ಟಿಂಗ್) 6400 ಇಟ್ಟು ಒಂದೊಂದು ಚಿತ್ರ ತೆಗೆದು, ಪರದೆಯ ಮೇಲೆ ನೂರು ಪ್ರತಿಶತ ಹಿಗ್ಗಿಸಿ, ಯಾವುದರಲ್ಲಿ ನಾಯ್ಸ್, ಅಂದರೆ ಬೇಡದ ಚುಕ್ಕೆಗಳು, ಹೆಚ್ಚು ಕಾಣುತ್ತವೆಯೋ ಅದು ಮಂದ ಬೆಳಕಿಗೆ ಆಗದ ಕ್ಯಾಮೆರಾ ಎಂದು ತೀರ್ಮಾನಿಸುವುದು ನಡೆದುಬಂದಿರುವ ರೂಢಿ. ಈ ರೂಢಿಯಲ್ಲಿ ಐಎಸ್‌ಒ ಸಂಖ್ಯೆಗೆ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥವಿದೆ ಎಂಬ ನಂಬಿಕೆಯಿದೆ. ಎರಡೂ ಸೆನ್ಸರ್‌ಗಳ ಮೇಲೆ ಬಿದ್ದ ಬೆಳಕು ಸಮವಾಗಿತ್ತೇ ಎಂಬ ವಿಚಾರಣೆಯಿಲ್ಲ. 12 ಮೆಗಾಪಿಕ್ಸೆಲ್ ಚಿತ್ರವನ್ನೂ 45 ಮೆಗಾಪಿಕ್ಸೆಲ್ ಚಿತ್ರವನ್ನೂ ಅಷ್ಟಷ್ಟೇ ಹಿಗ್ಗಿಸಿ ನೋಡಿದರೆ ನ್ಯಾಯವಾಗುತ್ತದೆ ಎಂಬ ಊಹೆಯೂ ಸೇರಿಕೊಂಡಿದೆ. ಮೂರೂ ತಪ್ಪು. ಬಾಡಿಗೆಗೆ ತಂದ ಅಥವಾ ಸ್ನೇಹಿತರಿಂದ ಪಡೆದ ಎರಡು ಕ್ಯಾಮೆರಾಗಳನ್ನು ಮನೆಯ ಒಂದು ಕೋಣೆಯಲ್ಲಿ, ಪ್ರಯೋಗಾಲಯದ ಉಪಕರಣಗಳಿಲ್ಲದೆ, ನಂಬಬಹುದಾದ ರೀತಿಯಲ್ಲಿ ಹೋಲಿಸುವ ಕ್ರಮವನ್ನು ಮುಂದೆ ವಿವರಿಸಲಾಗಿದೆ. ಎರಡೂ ಕ್ಯಾಮೆರಾಗಳಿಗೆ ಅಳೆದಂತೆ ಅಷ್ಟೇ ಬೆಳಕು ಕೊಡುವುದು, ಎರಡರ ಕಡತಗಳನ್ನೂ ಒಂದೇ ರೀತಿ ಸಂಸ್ಕರಿಸುವುದು, ಕೊನೆಗೆ ಒಂದೇ ಅಳತೆಯ ಚಿತ್ರಗಳಾಗಿ ಮಾಡಿ ನೋಡುವುದು ಈ ಕ್ರಮದ ತಳಹದಿ.

ನಾಯ್ಸ್ ಎಲ್ಲಿಂದ ಬರುತ್ತದೆ

ಚಿತ್ರದಲ್ಲಿ ಕಾಣುವ ನಾಯ್ಸ್‌ನ ಬಹುಪಾಲು ಬೆಳಕಿನಲ್ಲೇ ಇರುತ್ತದೆ. ಬೆಳಕು ಫೋಟಾನ್‌ಗಳಾಗಿ ಬಿಡಿಬಿಡಿಯಾಗಿ ಬರುವುದರಿಂದ, ಮಳೆಯ ಮೊದಲ ಹನಿಗಳು ಅಂಗಳದ ಚಪ್ಪಡಿಗಳ ಮೇಲೆ ಒಂದಕ್ಕೆ ಹತ್ತು, ಪಕ್ಕದ್ದಕ್ಕೆ ಆರು ಎಂಬಂತೆ ಏರುಪೇರಾಗಿ ಬೀಳುವ ಹಾಗೆ, ಸಮನಾಗಿ ಬೆಳಗಿದ ಗೋಡೆಯ ಚಿತ್ರದಲ್ಲೂ ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಸಿಗುವ ಫೋಟಾನ್‌ಗಳ ಸಂಖ್ಯೆ ಬೇರೆ ಬೇರೆಯಾಗಿರುತ್ತದೆ. ಈ ಏರುಪೇರು ಸರಾಸರಿ ಎಣಿಕೆಯ ವರ್ಗಮೂಲದಷ್ಟಿರುತ್ತದೆ. ಒಂದು ಪಿಕ್ಸೆಲ್‌ನಲ್ಲಿ ಸರಾಸರಿ 100 ಎಲೆಕ್ಟ್ರಾನ್‌ಗಳು ಸಂಗ್ರಹವಾದರೆ ಏರುಪೇರು 10, ಅಂದರೆ ಶೇಕಡಾ 10. ಸಂಗ್ರಹ 10,000 ಆದರೆ ಏರುಪೇರು 100, ಅಂದರೆ ಶೇಕಡಾ 1 ಮಾತ್ರ. ಇದನ್ನು ಶಾಟ್ ನಾಯ್ಸ್ ಎನ್ನುತ್ತಾರೆ. ಇದನ್ನು ಯಾವ ಕಂಪನಿಯೂ ಸೆನ್ಸರ್‌ನ ವಿನ್ಯಾಸದಿಂದ ಅಳಿಸಲಾರದು. ಹೆಚ್ಚು ಬೆಳಕು ಹಿಡಿದರೆ ಮಾತ್ರ ಅದರ ಪ್ರಮಾಣ ಇಳಿಯುತ್ತದೆ.

ಎಲ್ಲ ಫುಲ್ ಫ್ರೇಮ್ ಸೆನ್ಸರ್‌ಗಳೂ ಹೆಚ್ಚುಕಡಿಮೆ 36 × 24 ಮಿಲಿಮೀಟರ್ ಅಳತೆಯವು. ಆದ್ದರಿಂದ ಒಂದೇ ದೃಶ್ಯಕ್ಕೆ ಒಂದೇ ಅಪರ್ಚರ್ (ಲೆನ್ಸ್‌ನ ರಂಧ್ರದ ಅಳತೆ) ಮತ್ತು ಒಂದೇ ಶಟರ್ ಸ್ಪೀಡ್ (ಬೆಳಕು ಬೀಳುವ ಅವಧಿ) ಇಟ್ಟಾಗ, ಮೆಗಾಪಿಕ್ಸೆಲ್ ಎಷ್ಟೇ ಇರಲಿ, ಇಡೀ ಸೆನ್ಸರ್‌ಗೆ ಸಿಗುವ ಬೆಳಕು ಸಮವಾಗಿರುತ್ತದೆ. ಬಿದ್ದ ಫೋಟಾನ್‌ಗಳಲ್ಲಿ ಎಷ್ಟು ಪಾಲು ಎಲೆಕ್ಟ್ರಾನ್‌ಗಳಾಗಿ ಬದಲಾಗುತ್ತವೆ ಎಂಬುದು ಸೆನ್ಸರ್‌ನಿಂದ ಸೆನ್ಸರ್‌ಗೆ ಬದಲಾಗುತ್ತದೆ ನಿಜ. ಆದರೆ ಈಚಿನ ಸೆನ್ಸರ್‌ಗಳು ಆಗಲೇ ಅರ್ಧದಷ್ಟನ್ನು ಅಥವಾ ಅದಕ್ಕಿಂತ ತುಸು ಹೆಚ್ಚನ್ನು ಹಿಡಿಯುತ್ತಿವೆ. ಅಂದಮೇಲೆ ಬಿದ್ದ ಫೋಟಾನ್‌ಗಳಲ್ಲಿ ಒಂದನ್ನೂ ಬಿಡದೆ ಹಿಡಿಯುವ ಸೆನ್ಸರ್ ಬಂದರೂ ಶಾಟ್ ನಾಯ್ಸ್‌ನಲ್ಲಿ ಆಗುವ ಲಾಭ ಒಂದು ಸ್ಟಾಪ್‌ನೊಳಗೇ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು) ಇರುತ್ತದೆ. ಜಾಹೀರಾತುಗಳಲ್ಲಿ ಎರಡು ಸ್ಟಾಪ್ ಸುಧಾರಣೆಯ ಮಾತು ಬಂದಾಗ ಈ ಮಿತಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು: ಆ ಸುಧಾರಣೆಯ ಹೆಚ್ಚಿನ ಪಾಲು ಕ್ಯಾಮೆರಾದೊಳಗೆ ಜೆಪೆಗ್ ಚಿತ್ರವನ್ನು ನಯಗೊಳಿಸುವ ತಂತ್ರಾಂಶದಿಂದ ಬಂದಿರುತ್ತದೆ.

ಎರಡನೆಯ ಮೂಲ ರೀಡ್ ನಾಯ್ಸ್, ಅಂದರೆ ಸಂಗ್ರಹವಾದ ವಿದ್ಯುತ್ತನ್ನು ಓದಿ ಸಂಖ್ಯೆಯಾಗಿ ಬದಲಿಸುವಾಗ ಸರ್ಕ್ಯೂಟ್ ಸೇರಿಸುವ ತಪ್ಪು. ಹೆಚ್ಚಿನ ಐಎಸ್‌ಒಗಳಲ್ಲಿ ಈಗಿನ ಉತ್ತಮ ಸೆನ್ಸರ್‌ಗಳಲ್ಲಿ ಇದು 1ರಿಂದ 3 ಎಲೆಕ್ಟ್ರಾನ್‌ಗಳಷ್ಟಿರುತ್ತದೆ. 900 ಎಲೆಕ್ಟ್ರಾನ್ ಸಿಕ್ಕಿರುವ ಪಿಕ್ಸೆಲ್‌ನಲ್ಲಿ ಶಾಟ್ ನಾಯ್ಸ್ 30. ಅದರ ಜೊತೆಗೆ 3 ಎಲೆಕ್ಟ್ರಾನ್ ರೀಡ್ ನಾಯ್ಸ್ ಸೇರಿದರೆ ಒಟ್ಟು 30.15, ಕಣ್ಣಿಗೆ ಗೊತ್ತೇ ಆಗದ ವ್ಯತ್ಯಾಸ. ಕೇವಲ 9 ಎಲೆಕ್ಟ್ರಾನ್ ಸಿಕ್ಕಿರುವ ಕಡುನೆರಳಿನ ಪಿಕ್ಸೆಲ್‌ನಲ್ಲಿಯಾದರೋ ಶಾಟ್ ನಾಯ್ಸ್ 3 ಇರುವಲ್ಲಿ ಒಟ್ಟು ಮೊತ್ತ 4.2ಕ್ಕೆ ಏರುತ್ತದೆ. ಕ್ಯಾಮೆರಾಗಳ ನಡುವಿನ ನಿಜವಾದ ಅಂತರ ಮುಖ್ಯವಾಗಿ ನೆರಳಿನ ಭಾಗದಲ್ಲಿ ಕಾಣುತ್ತದೆ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಬೂದು ಬಣ್ಣದ ಗೋಡೆಯನ್ನಷ್ಟೇ ನೋಡಿ ತೀರ್ಪು ಕೊಡುವವರು ನೋಡಬೇಕಾದ ಜಾಗವನ್ನು ಬಿಟ್ಟಿರುತ್ತಾರೆ.

ಲೆನ್ಸ್ ಒಂದೇ ಇರಲಿ

ಎರಡು ಕಂಪನಿಗಳ ಎರಡು 50 ಎಂಎಂ ಲೆನ್ಸ್‌ಗಳನ್ನು ಎಫ್/4ಕ್ಕೆ ಇಟ್ಟರೆ ಎರಡೂ ಅಷ್ಟೇ ಬೆಳಕನ್ನು ಒಳಗೆ ಬಿಡುತ್ತವೆ ಎಂದು ಹೇಳಲಾಗದು. ಎಫ್ ಸಂಖ್ಯೆ ಜ್ಯಾಮಿತಿಯ ಅನುಪಾತ ಮಾತ್ರ. ಗಾಜಿನ ಮೇಲ್ಮೈಗಳಲ್ಲಿ ಕಳೆದುಹೋಗುವ ಬೆಳಕು ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸಿನಿಮಾ ಛಾಯಾಗ್ರಾಹಕರು ಟಿ ಸ್ಟಾಪ್ ಎಂಬ ಬೇರೆ ಅಳತೆಯನ್ನು ಬಳಸುವುದಕ್ಕೆ ಇದೇ ಕಾರಣ. ನಾವು ಹುಡುಕುತ್ತಿರುವ ಅಂತರವೇ ಮೂರನೇ ಒಂದು ಸ್ಟಾಪ್‌ನಷ್ಟು ಇರಬಹುದಾದ್ದರಿಂದ ಲೆನ್ಸ್‌ನ ಈ ವ್ಯತ್ಯಾಸವೊಂದೇ ಇಡೀ ಪರೀಕ್ಷೆಯನ್ನು ಕೆಡಿಸಬಲ್ಲದು.

ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇದಕ್ಕೆ ಸುಲಭ ಪರಿಹಾರವಿದೆ. ಅಪರ್ಚರ್ ರಿಂಗ್ ಇರುವ ಹಳೆಯ ನಿಕಾನ್ ಎಫ್ ಮೌಂಟ್ ಲೆನ್ಸ್, ಉದಾಹರಣೆಗೆ 50 ಎಂಎಂ ಎಫ್/1.8ಡಿ, ಸಾದಾ ಲೋಹದ ಅಡಾಪ್ಟರ್‌ಗಳ ಮೂಲಕ ಸೋನಿ ಇ, ಕ್ಯಾನನ್ ಆರ್‌ಎಫ್ ಮತ್ತು ನಿಕಾನ್ ಝಡ್ ಮೌಂಟ್‌ಗಳೆಲ್ಲದರ ಮೇಲೂ ಕೂರುತ್ತದೆ. ನಿಕಾನ್ ಎಫ್ ಮೌಂಟ್‌ನಿಂದ ಸೆನ್ಸರ್‌ವರೆಗಿನ ದೂರ 46.5 ಮಿಲಿಮೀಟರ್; ಮಿರರ್‌ಲೆಸ್ ಮೌಂಟ್‌ಗಳಲ್ಲಿ ಅದು 16ರಿಂದ 20 ಮಿಲಿಮೀಟರ್ ಮಾತ್ರ ಇರುವುದರಿಂದ ಅಡಾಪ್ಟರ್‌ಗೆ ಬೇಕಾದಷ್ಟು ಜಾಗ ಸಿಗುತ್ತದೆ. ಅಪರ್ಚರನ್ನು ಎಫ್/5.6ಕ್ಕೆ ತಿರುಗಿಸಿ, ಫೋಕಸ್ ಮಾಡಿ, ಪರೀಕ್ಷೆ ಮುಗಿಯುವವರೆಗೆ ಆ ರಿಂಗನ್ನು ಮುಟ್ಟದಿದ್ದರೆ ಎಲ್ಲ ಕ್ಯಾಮೆರಾಗಳಿಗೂ ಅದೇ ಗಾಜಿನ ಮೂಲಕ, ಅದೇ ರಂಧ್ರದ ಮೂಲಕ ಬೆಳಕು ಹೋಗುತ್ತದೆ. ಇದರಿಂದ ಇನ್ನೊಂದು ಉಪಯೋಗವೂ ಇದೆ. ವಿದ್ಯುತ್ ಸಂಪರ್ಕವಿಲ್ಲದ ಲೆನ್ಸ್ ಯಾವುದೆಂದು ಕ್ಯಾಮೆರಾಗೆ ತಿಳಿಯುವುದಿಲ್ಲ. ಹಾಗಾಗಿ ಮೂಲೆಗಳ ಕಪ್ಪನ್ನು ತಿದ್ದುವುದಕ್ಕಾಗಿ ಅದು ಗುಟ್ಟಾಗಿ ಬೆಳಕು ಹೆಚ್ಚಿಸುವ ಸಂದರ್ಭವೂ ಬರುವುದಿಲ್ಲ. ಹಾಗೆ ಹೆಚ್ಚಿಸಿದಾಗ ಮೂಲೆಗಳ ನಾಯ್ಸ್ ಕೂಡ ಜೊತೆಯಲ್ಲೇ ಹೆಚ್ಚುತ್ತದೆ.

ಲೆನ್ಸ್ ಹಂಚಿಕೊಳ್ಳಲು ಸಾಧ್ಯವೇ ಇಲ್ಲದಿದ್ದರೆ, ಒಂದೇ ಫೋಕಲ್ ಲೆಂತ್‌ನ ಎರಡು ಪ್ರೈಮ್ (ಜೂಮ್ ಇಲ್ಲದ) ಲೆನ್ಸ್‌ಗಳನ್ನು ಎಫ್/5.6ಕ್ಕೆ ಇಳಿಸಿ, ಚಿತ್ರದ ನಡುಭಾಗವನ್ನು ಮಾತ್ರ ಹೋಲಿಸಬೇಕು ಮತ್ತು ಮೂರನೇ ಒಂದು ಸ್ಟಾಪ್‌ಗಿಂತ ಚಿಕ್ಕ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಜೂಮ್ ಲೆನ್ಸ್‌ಗಳನ್ನು ಈ ಕೆಲಸಕ್ಕೆ ಬಳಸದಿರುವುದೇ ಲೇಸು.

ಬೆಳಕು ಮತ್ತು ದೃಶ್ಯ

ಬೆಳಕು ಮಿನುಗಬಾರದು, ಪರೀಕ್ಷೆಯ ಉದ್ದಕ್ಕೂ ಬದಲಾಗಬಾರದು. ಕಿಟಕಿಯ ಬೆಳಕು ಮೋಡ ಸರಿದಂತೆ ಬದಲಾಗುತ್ತದೆ. ಆದ್ದರಿಂದ ರಾತ್ರಿ, ಪರದೆ ಎಳೆದ ಕೋಣೆಯೇ ಸೂಕ್ತ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್‌ನಲ್ಲಿ ಹರಿಯುವುದರಿಂದ ಅಗ್ಗದ ಎಲ್‌ಇಡಿ ಬಲ್ಬ್‌ಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. 1/500 ಸೆಕೆಂಡಿನ ಶಟರ್ ಈ ಏರಿಳಿತದ ಯಾವ ಕ್ಷಣಕ್ಕೆ ಸಿಕ್ಕಿತು ಎಂಬುದರ ಮೇಲೆ ಚಿತ್ರದ ಬೆಳಕು ಬದಲಾಗುತ್ತದೆ. 1/10 ಸೆಕೆಂಡಿನ ಆಸುಪಾಸಿನಲ್ಲಿ ಚಿತ್ರ ತೆಗೆದರೆ ಸುಮಾರು ಹತ್ತು ಏರಿಳಿತಗಳು ಒಂದೇ ಚಿತ್ರದೊಳಗೆ ಸರಾಸರಿಗೊಂಡು ತೊಂದರೆ ಹೆಚ್ಚಾಗಿ ನಿವಾರಣೆಯಾಗುತ್ತದೆ. ದೀಪವನ್ನು ಹೊತ್ತಿಸಿ ಅರ್ಧ ಗಂಟೆ ಬಿಟ್ಟು ಆರಂಭಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಎಲ್‌ಇಡಿ ಬಿಸಿಯಾದಂತೆ ಅದರ ಬೆಳಕು ತುಸು ಇಳಿದು ನಂತರ ಸ್ಥಿರವಾಗುತ್ತದೆ.

ದೀಪದ ಬಣ್ಣವೂ ಮುಖ್ಯ. ಹಳದಿ ಬಲ್ಬ್‌ನ 3000 ಕೆಲ್ವಿನ್ ಆಸುಪಾಸಿನ ಬೆಳಕಿನಲ್ಲಿ ನೀಲಿಯ ಪಾಲು ಬಹಳ ಕಡಿಮೆ. ಬಿಳಿಯು ಬಿಳಿಯಾಗಿ ಕಾಣುವಂತೆ ವೈಟ್ ಬ್ಯಾಲೆನ್ಸ್ ಸರಿಪಡಿಸುವಾಗ ನೀಲಿ ಚಾನೆಲ್ಲನ್ನು ಸುಮಾರಾಗಿ ಎರಡರಿಂದ ಮೂರು ಪಟ್ಟು ಹೆಚ್ಚಿಸಬೇಕಾಗುತ್ತದೆ. ಜೊತೆಗೆ ಆ ಚಾನೆಲ್‌ನ ನಾಯ್ಸ್ ಕೂಡ ಅಷ್ಟೇ ಹೆಚ್ಚುತ್ತದೆ. ಬಿಳಿ ಎಲ್‌ಇಡಿಯಲ್ಲಿ ಸಮವಾಗಿ ಕಂಡ ಎರಡು ಕ್ಯಾಮೆರಾಗಳು ಹಳದಿ ಬೆಳಕಿನಲ್ಲಿ ಸಮವಾಗಿ ಕಾಣದಿರಬಹುದು. ಮದುವೆ ಮಂಟಪ, ದೇವಸ್ಥಾನದ ಒಳಾಂಗಣ ಮೊದಲಾದ ಕಡೆಗಳಲ್ಲಿ ಕೆಲಸ ಮಾಡುವವರು ಹಳದಿ ಬೆಳಕಿನಲ್ಲೇ ಪರೀಕ್ಷಿಸಬೇಕು.

ದೃಶ್ಯದಲ್ಲಿ 24 ಚೌಕಗಳ ಕಲರ್ ಚೆಕರ್ ಕಾರ್ಡ್ ಇದ್ದರೆ ಅನುಕೂಲ, ಇಲ್ಲದಿದ್ದರೆ ಒಂದು ಗ್ರೇ ಕಾರ್ಡ್ (ಸಮನಾದ ಬೂದು ಬಣ್ಣದ ರಟ್ಟು) ಸಾಕು. ಅದರ ಜೊತೆಗೆ ಕಪ್ಪು ಬಟ್ಟೆ, ಕಡುಗೆಂಪು ರೇಷ್ಮೆ, ಒರಟು ಉಣ್ಣೆ, ಸಣ್ಣ ಅಕ್ಷರಗಳ ಮುದ್ರಿತ ಹಾಳೆ ಮತ್ತು ಹೊಳೆಯುವ ಒಂದು ಲೋಹದ ಪಾತ್ರೆ ಇರಬೇಕು. ಒಂದು ಮೂಲೆಯನ್ನು ರಟ್ಟಿನಿಂದ ಮರೆಮಾಡಿ, ಅಲ್ಲೂ ವಿವರಗಳಿರುವ ವಸ್ತುವೊಂದನ್ನು ಇಟ್ಟು, ಪೂರ್ತಿ ನೆರಳಿಗೆ ಬಿಡಬೇಕು; ಎಲ್ಲಕ್ಕಿಂತ ಹೆಚ್ಚು ಮಾಹಿತಿ ಸಿಗುವುದು ಆ ಮೂಲೆಯಿಂದಲೇ.

ಕೋಣೆಯ ಪರೀಕ್ಷೆ ನಿಜವಾದ ಕೆಲಸಕ್ಕೆ ಹೇಗೆ ಅನ್ವಯಿಸುತ್ತದೆ ಎಂಬ ಸಂಶಯ ಸಹಜ. ರಾತ್ರಿಯ ಯಕ್ಷಗಾನದ ರಂಗಸ್ಥಳದಲ್ಲಿ ಕುಣಿತವನ್ನು ಹಿಡಿಯಲು ಎಫ್/2.8, 1/250 ಸೆಕೆಂಡ್, ಐಎಸ್‌ಒ 6400 ಇಟ್ಟಿರಿ ಎಂದುಕೊಳ್ಳೋಣ. ಆ ಎಕ್ಸ್‌ಪೋಶರ್‌ಗೆ ಸರಿಹೊಂದುವ ಬೆಳಕು ಸುಮಾರು 77 ಲಕ್ಸ್. ಕೋಣೆಯ ದೀಪವನ್ನು 12 ಲಕ್ಸ್‌ಗೆ ತಗ್ಗಿಸಿ, ಎಫ್/5.6 ಮತ್ತು 1/10 ಸೆಕೆಂಡಿನಲ್ಲಿ ಚಿತ್ರ ತೆಗೆದರೂ ಸೆನ್ಸರ್‌ನ ಪ್ರತಿ ಚದರ ಮಿಲಿಮೀಟರ್‌ಗೆ ಬೀಳುವ ಬೆಳಕು ಅಷ್ಟೇ. ದೀಪದ ಬಣ್ಣ ಒಂದೇ ಆಗಿದ್ದರೆ ನಾಯ್ಸ್ ಕೂಡ ಅಷ್ಟೇ ಇರುತ್ತದೆ. ಕಲಾವಿದ ಚಲಿಸುತ್ತಾನೆ, ಪಾತ್ರೆ ಚಲಿಸುವುದಿಲ್ಲ ಎಂಬ ವ್ಯತ್ಯಾಸ ನಾಯ್ಸ್‌ಗೆ ಸಂಬಂಧಿಸಿದ್ದಲ್ಲ. ರಂಗದ ಮುಂದೆ ಎರಡು ಕ್ಯಾಮೆರಾಗಳನ್ನು ಹಿಡಿದುಕೊಂಡು ಒಂದೇ ಭಂಗಿಗಾಗಿ ಕಾಯುವ ಪ್ರಯತ್ನ ಉತ್ಸಾಹಿಗಳಿಗೆ ಹಿತವೆನಿಸಬಹುದಾದರೂ ಅದರಿಂದ ಹೋಲಿಕೆ ಸಿದ್ಧಿಸುವುದಿಲ್ಲ.

ಕ್ಯಾಮೆರಾದೊಳಗಿನ ಸಿದ್ಧತೆ

ಎರಡೂ ಕ್ಯಾಮೆರಾಗಳು ಪೂರ್ಣ ಮ್ಯಾನುಯಲ್ ಮೋಡ್‌ನಲ್ಲಿರಬೇಕು. ಮೀಟರ್ ಏನು ಹೇಳುತ್ತದೆ ಎಂಬುದನ್ನು ಬದಿಗಿಡಬೇಕು. ರಾ ಕಡತವನ್ನೇ, ಅಂದರೆ ಸೆನ್ಸರ್‌ನಿಂದ ಬಂದ ಸಂಸ್ಕರಿಸದ ಮಾಹಿತಿಯ ಕಡತವನ್ನೇ, ತೆಗೆಯಬೇಕು. ಅದು ನಷ್ಟವಿಲ್ಲದ ಸಂಕೋಚನದಲ್ಲಿ ಅಥವಾ ಸಂಕೋಚನವೇ ಇಲ್ಲದ ರೂಪದಲ್ಲಿ, 14 ಬಿಟ್‌ನಲ್ಲಿ ಇರಬೇಕು. ಹಲವು ಕ್ಯಾಮೆರಾಗಳು ಎಲೆಕ್ಟ್ರಾನಿಕ್ ಶಟರ್ ಅಥವಾ ವೇಗದ ಸರಣಿ ಮೋಡ್‌ನಲ್ಲಿ ಸದ್ದಿಲ್ಲದೆ 12 ಬಿಟ್‌ಗೆ ಇಳಿಯುತ್ತವೆ. ಹಾಗಾಗಿ ಮೆಕ್ಯಾನಿಕಲ್ ಶಟರ್ ಇರುವ ಕ್ಯಾಮೆರಾಗಳಲ್ಲಿ ಅದನ್ನೇ ಬಳಸಿ, ಒಂದೊಂದೇ ಚಿತ್ರ ತೆಗೆಯುವುದು ಸರಿಯಾದ ಕ್ರಮ. ಆಕ್ಟಿವ್ ಡಿ-ಲೈಟಿಂಗ್, ಡೈನಮಿಕ್ ರೇಂಜ್ ಆಪ್ಟಿಮೈಸರ್, ಆಟೋ ಲೈಟಿಂಗ್ ಆಪ್ಟಿಮೈಸರ್ ಮುಂತಾದ ಸೌಲಭ್ಯಗಳನ್ನೆಲ್ಲ ಆರಿಸಬೇಕು. ಕ್ಯಾನನ್‌ನ ಹೈಲೈಟ್ ಟೋನ್ ಪ್ರಯಾರಿಟಿ ವಿಶೇಷವಾಗಿ ಅಪಾಯಕಾರಿ: ಅದು ನೀವು ಇಟ್ಟ ಐಎಸ್‌ಒಗಿಂತ ಕಡಿಮೆ ಗೇನ್‌ನಲ್ಲಿ (ಸೆನ್ಸರ್‌ನ ಸಂಕೇತವನ್ನು ಹಿಗ್ಗಿಸುವ ಪ್ರಮಾಣದಲ್ಲಿ) ಚಿತ್ರ ತೆಗೆದು ನಂತರ ಬೆಳಕನ್ನು ಎತ್ತುತ್ತದೆ. ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಸಾಮಾನ್ಯವಾಗಿ ಜೆಪೆಗ್‌ಗೆ ಮಾತ್ರ ಅನ್ವಯಿಸಿದರೂ ಅದನ್ನೂ ಆರಿಸಿಟ್ಟರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಬೇಡ.

ಐಎಸ್‌ಒ ಎಷ್ಟಿಡಬೇಕು ಎಂಬ ಪ್ರಶ್ನೆಗೆ ಬರೋಣ. ಐಎಸ್‌ಒ 12232 ಎಂಬ ಅಂತಾರಾಷ್ಟ್ರೀಯ ಮಾನದಂಡದ 2006ರ ಪರಿಷ್ಕರಣೆಯ ನಂತರ, ತಾವು ಸೂಕ್ತವೆಂದು ಶಿಫಾರಸು ಮಾಡುವ ಎಕ್ಸ್‌ಪೋಶರ್‌ಗೆ ತಕ್ಕ ಸಂಖ್ಯೆಯನ್ನು ಘೋಷಿಸುವ ಸ್ವಾತಂತ್ರ್ಯ ತಯಾರಕರಿಗೆ ಇದೆ. ಆದ್ದರಿಂದ ಅದೇ ಬೆಳಕು, ಅದೇ ಅಪರ್ಚರ್, ಅದೇ ಶಟರ್, ಅದೇ ಐಎಸ್‌ಒ ಇದ್ದಾಗಲೂ ಒಂದು ಕ್ಯಾಮೆರಾದ ಚಿತ್ರ ಇನ್ನೊಂದಕ್ಕಿಂತ ತುಸು ಕಪ್ಪಾಗಿ ಬರಬಹುದು. ಇದರಿಂದ ಗಾಬರಿಯಾಗಬೇಕಿಲ್ಲ, ಐಎಸ್‌ಒ ಬದಲಿಸಿ ಸರಿದೂಗಿಸುವ ಅಗತ್ಯವೂ ಇಲ್ಲ. ಬೆಳಕು ಸಮವಾಗಿ ಬಿದ್ದಿದ್ದರೆ ಸಾಕು. ಕಾಣುವ ಹೊಳಪನ್ನು ಆಮೇಲೆ ಸಂಸ್ಕರಣೆಯಲ್ಲಿ ಸಮಗೊಳಿಸಬಹುದು. ಒಂದು ಕ್ಯಾಮೆರಾದ ಹೊಳಪು ಕಡಿಮೆ ಎಂದು ಅದರ ಶಟರ್ ಸ್ಪೀಡನ್ನು ನಿಧಾನಗೊಳಿಸಿದರೆ ಮಾತ್ರ ಆ ಕ್ಯಾಮೆರಾಗೆ ಹೆಚ್ಚು ಬೆಳಕು ಕೊಟ್ಟಂತಾಗಿ ಪರೀಕ್ಷೆ ಕೆಡುತ್ತದೆ.

ಒಂದೇ ಐಎಸ್‌ಒನಲ್ಲಿ ಪರೀಕ್ಷೆ ಮುಗಿಸಬಾರದು. ಈಚಿನ ಅನೇಕ ಸೆನ್ಸರ್‌ಗಳಲ್ಲಿ ಎರಡು ಹಂತದ ಗೇನ್ ವ್ಯವಸ್ಥೆಯಿದ್ದು, ಸೋನಿ ಎ7 ಮಾರ್ಕ್ 3ರಲ್ಲಿ ಐಎಸ್‌ಒ 640ಕ್ಕೂ ನಿಕಾನ್ ಝಡ್6ರಲ್ಲಿ 800ಕ್ಕೂ ತಲುಪಿದಾಗ ಎರಡನೆಯ ಹಂತ ಜಾರಿಗೆ ಬಂದು ರೀಡ್ ನಾಯ್ಸ್ ಥಟ್ಟನೆ ಇಳಿಯುತ್ತದೆ. ಇವೆರಡನ್ನು ಐಎಸ್‌ಒ 640ರಲ್ಲಿ ಹೋಲಿಸಿದವರಿಗೆ ಸಿಗುವ ಉತ್ತರ 1600ರಲ್ಲಿ ಹೋಲಿಸಿದವರಿಗೆ ಸಿಗದು. 2024ರಲ್ಲಿ ಬಂದ ನಿಕಾನ್ ಝಡ್6 ಮಾರ್ಕ್ 3 ಕೂಡ ಇಂಥದೇ ಉದಾಹರಣೆ: ವೇಗವಾಗಿ ಓದುವ ಅದರ ಸೆನ್ಸರ್ ಕಡಿಮೆ ಐಎಸ್‌ಒಗಳಲ್ಲಿ ನೆರಳು ಎತ್ತಿದಾಗ ಹಿಂದಿನ ಮಾದರಿಗಿಂತ ಹೆಚ್ಚು ನಾಯ್ಸ್ ತೋರಿಸುತ್ತದೆ, ಐಎಸ್‌ಒ ಏರಿದಂತೆ ಆ ಅಂತರ ಕರಗುತ್ತದೆ. 800, 3200, 6400, 12800 ಮತ್ತು 25600 ಎಂಬ ಐದು ಐಎಸ್‌ಒಗಳಲ್ಲಿ, ಅದಕ್ಕೆ ತಕ್ಕಂತೆ ಶಟರ್ ಸ್ಪೀಡ್ ಬದಲಿಸುತ್ತ, ಪ್ರತಿಯೊಂದಕ್ಕೂ ಎರಡೆರಡು ಚಿತ್ರ ತೆಗೆದಿಟ್ಟುಕೊಂಡರೆ ಸಾಕಷ್ಟು ಸಾಮಗ್ರಿ ದೊರೆಯುತ್ತದೆ.

ಸಂಸ್ಕರಣೆ

ಕಂಪನಿಗಳ ಸ್ವಂತ ತಂತ್ರಾಂಶಗಳನ್ನು ಬಳಸಿದರೆ ಆಯಾ ಕಂಪನಿಯ ರುಚಿಗೆ ತಕ್ಕ ನಯಗೊಳಿಸುವಿಕೆ ಸೇರಿಕೊಳ್ಳುತ್ತದೆ. ಎರಡೂ ಕ್ಯಾಮೆರಾಗಳ ರಾ ಕಡತಗಳನ್ನು ಒಂದೇ ತಂತ್ರಾಂಶದಲ್ಲಿ ತೆರೆಯಬೇಕು. ಉಚಿತವಾಗಿ ಸಿಗುವ ರಾಥೆರಪಿಯಲ್ಲಿ ನ್ಯೂಟ್ರಲ್ ಎಂಬ ಪ್ರೊಫೈಲ್ ಇದ್ದು, ಅದು ಶಾರ್ಪ್‌ನಿಂಗ್ ಅಥವಾ ನಾಯ್ಸ್ ರಿಡಕ್ಷನ್ ಯಾವುದನ್ನೂ ಸೇರಿಸುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಲೈಟ್‌ರೂಮ್ ಬಳಸುವವರು, ಕೇಳದಿದ್ದರೂ ಅದು ಶಾರ್ಪ್‌ನಿಂಗ್ 40 ಮತ್ತು ಕಲರ್ ನಾಯ್ಸ್ ರಿಡಕ್ಷನ್ 25 ಎಂದು ಇಟ್ಟಿರುತ್ತದೆ ಎಂಬುದನ್ನು ಗಮನಿಸಿ ಎರಡನ್ನೂ ಸೊನ್ನೆಗೆ ತರಬೇಕು. ಲೆನ್ಸ್ ತಿದ್ದುಪಡಿಗಳೂ ಆರಿರಬೇಕು. ಬಳಿಕ ಗ್ರೇ ಕಾರ್ಡ್‌ನ ಮೇಲೆ ವೈಟ್ ಬ್ಯಾಲೆನ್ಸ್ ತೆಗೆದುಕೊಂಡು, ಎಕ್ಸ್‌ಪೋಶರ್ ಸ್ಲೈಡರ್‌ನಿಂದ ಎರಡೂ ಚಿತ್ರಗಳ ಗ್ರೇ ಕಾರ್ಡ್ ಒಂದೇ ಸಂಖ್ಯೆಯನ್ನು ತೋರಿಸುವಂತೆ ಹೊಂದಿಸಬೇಕು. ಈ ಹೊಂದಾಣಿಕೆ ತಪ್ಪಿದರೆ, ಹೊಳಪಿರುವ ಚಿತ್ರದ ನೆರಳಿನಲ್ಲಿ ನಾಯ್ಸ್ ಹೆಚ್ಚು ಕಂಡು, ಕಪ್ಪಾಗಿರುವ ಚಿತ್ರ ಶುಭ್ರವೆಂಬ ಭ್ರಮೆ ಹುಟ್ಟುತ್ತದೆ.

ಕೃತಕ ಬುದ್ಧಿಮತ್ತೆಯ ಡಿನಾಯ್ಸ್ ಸಾಧನಗಳನ್ನು ಈ ಹಂತದಲ್ಲಿ ಬಳಸಬಾರದು. ನಿಮ್ಮ ದೈನಂದಿನ ಕೆಲಸದಲ್ಲಿ ಡಿಎಕ್ಸ್‌ಒದ ಡೀಪ್‌ಪ್ರೈಮ್ ಅಥವಾ ಲೈಟ್‌ರೂಮ್‌ಗೆ 2023ರಲ್ಲಿ ಸೇರಿದ ಡಿನಾಯ್ಸ್ ನಿತ್ಯದ ಹೆಜ್ಜೆಯಾಗಿದ್ದರೆ, ಮುಖ್ಯ ಹೋಲಿಕೆ ಮುಗಿದ ಮೇಲೆ ಅದೇ ಕಡತಗಳನ್ನು ಅದರ ಮೂಲಕ ಹಾಯಿಸಿ ಎರಡನೆಯ ಬಾರಿ ನೋಡಬಹುದು. ಆಗ ಅರ್ಧ ಸ್ಟಾಪ್‌ನೊಳಗಿನ ಅಂತರಗಳು ಹೆಚ್ಚಾಗಿ ಕಾಣದಂತಾಗುತ್ತವೆ.

ಒಂದೇ ಗಾತ್ರಕ್ಕೆ ತರುವುದು

45.7 ಮೆಗಾಪಿಕ್ಸೆಲ್‌ನ ನಿಕಾನ್ ಝಡ್7ರ ಚಿತ್ರದ ಅಗಲ 8256 ಪಿಕ್ಸೆಲ್‌ಗಳು. 12 ಮೆಗಾಪಿಕ್ಸೆಲ್‌ನ ಸೋನಿ ಎ7ಎಸ್ ಮಾರ್ಕ್ 3ರ ಚಿತ್ರದ ಅಗಲ 4240. ಇಂಚಿಗೆ 96 ಪಿಕ್ಸೆಲ್‌ಗಳಿರುವ ಸಾಮಾನ್ಯ ಮಾನಿಟರ್‌ನಲ್ಲಿ ನೂರು ಪ್ರತಿಶತ ಹಿಗ್ಗಿಸಿ ನೋಡುವುದೆಂದರೆ ಮೊದಲನೆಯದನ್ನು ಎರಡು ಮೀಟರ್‌ಗೂ ಹೆಚ್ಚು ಅಗಲದ ಮುದ್ರಣವಾಗಿ, ಎರಡನೆಯದನ್ನು ಸುಮಾರು 1.1 ಮೀಟರ್ ಅಗಲದ ಮುದ್ರಣವಾಗಿ, ಎರಡನ್ನೂ ಮೂಗಿನ ಹತ್ತಿರ ಹಿಡಿದು ನೋಡಿದಂತೆ. ದೊಡ್ಡ ಮುದ್ರಣದಲ್ಲಿ ಚುಕ್ಕೆಗಳು ಹೆಚ್ಚು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಸಣ್ಣ ಪಿಕ್ಸೆಲ್ ಎಂದರೆ ಹೆಚ್ಚು ನಾಯ್ಸ್ ಎಂಬ ಮಾತು ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಈ ನೋಡುವ ಕ್ರಮವೇ ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ.

ಲೆಕ್ಕ ಸರಳವಾಗಿದೆ. ನಾಲ್ಕು ಸಣ್ಣ ಪಿಕ್ಸೆಲ್‌ಗಳಿಗೆ ತಲಾ 100 ಎಲೆಕ್ಟ್ರಾನ್ ಸಿಕ್ಕಿದ್ದರೆ ಪ್ರತಿಯೊಂದರ ನಾಯ್ಸ್ ಶೇಕಡಾ 10. ನಾಲ್ಕನ್ನೂ ಸೇರಿಸಿ ಒಂದು ಪಿಕ್ಸೆಲ್ ಮಾಡಿದಾಗ 400 ಎಲೆಕ್ಟ್ರಾನ್‌ಗೆ ನಾಯ್ಸ್ 20, ಅಂದರೆ ಶೇಕಡಾ 5. ಆರಂಭದಿಂದಲೇ ನಾಲ್ಕು ಪಟ್ಟು ದೊಡ್ಡದಾಗಿದ್ದ ಪಿಕ್ಸೆಲ್‌ಗೂ 400 ಎಲೆಕ್ಟ್ರಾನ್ ಸಿಕ್ಕಿ ಅದೇ ಶೇಕಡಾ 5 ಬರುತ್ತಿತ್ತು. ನಾಲ್ಕು ಬಾರಿ ಓದಿದ್ದರಿಂದ ಸೇರುವ ರೀಡ್ ನಾಯ್ಸ್ ಮಾತ್ರ ಸಣ್ಣ ಪಿಕ್ಸೆಲ್‌ಗಳಿಗೆ ಭಾರವಾಗಬಹುದು. ಅದು ಗೊತ್ತಾಗುವುದು ಕಡುನೆರಳಿನಲ್ಲಿ ಮತ್ತು 25600ರಂಥ ಅತಿ ಹೆಚ್ಚಿನ ಐಎಸ್‌ಒಗಳಲ್ಲಿ.

ಆದ್ದರಿಂದ ಎರಡೂ ಚಿತ್ರಗಳನ್ನು 4000 ಪಿಕ್ಸೆಲ್ ಅಗಲಕ್ಕೆ, ಒಂದೇ ತಂತ್ರಾಂಶದಲ್ಲಿ, ಒಂದೇ ವಿಧಾನದಿಂದ ಕುಗ್ಗಿಸಬೇಕು. ಲ್ಯಾಂಕ್ಜೋಸ್ ಅಥವಾ ಸಾದಾ ಬೈಕ್ಯೂಬಿಕ್ ಯಾವುದಾದರೂ ಆಗಬಹುದು, ಆದರೆ ಕುಗ್ಗಿಸುವಾಗಲೇ ಹರಿತಗೊಳಿಸುವ ಆಯ್ಕೆ ಬೇಡ. ದೊಡ್ಡ ಮುದ್ರಣಗಳನ್ನೇ ಮಾಡುವವರು ಇದಕ್ಕೆ ಬದಲಾಗಿ ಚಿಕ್ಕ ಚಿತ್ರವನ್ನು ದೊಡ್ಡದರ ಗಾತ್ರಕ್ಕೆ ಹಿಗ್ಗಿಸಿಯೂ ನೋಡಬಹುದು.

ಅಂತರವನ್ನು ಸ್ಟಾಪ್‌ಗಳಲ್ಲಿ ಹೇಳುವುದು

ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಒಂದು ಸ್ವಲ್ಪ ಶುಭ್ರವಾಗಿದೆ ಎಂದು ಹೇಳುವುದು ಸುಲಭ; ಎಷ್ಟು ಶುಭ್ರ ಎಂದು ಹೇಳುವುದು ಕಷ್ಟ. ಇದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿರುವ ವಿಧಾನವೆಂದರೆ ಒಂದು ಕ್ಯಾಮೆರಾದಿಂದಲೇ ಮೆಟ್ಟಿಲುಗಳ ಸರಣಿಯನ್ನು ತೆಗೆದು ಅದನ್ನು ಅಳತೆಗೋಲಾಗಿ ಬಳಸುವುದು.

ಮೊದಲ ಕ್ಯಾಮೆರಾದಲ್ಲಿ 1/10 ಸೆಕೆಂಡ್ ಮತ್ತು ಐಎಸ್‌ಒ 6400 ಇಟ್ಟು ಒಂದು ಚಿತ್ರ ತೆಗೆಯಿರಿ. ನಂತರ ಮೂರನೇ ಒಂದು ಸ್ಟಾಪ್‌ನಂತೆ ಬೆಳಕನ್ನು ಹೆಚ್ಚಿಸುತ್ತ, ಐಎಸ್‌ಒ ಇಳಿಸುತ್ತ ಹೋಗಿ: 1/8 ಮತ್ತು 5000, 1/6 ಮತ್ತು 4000, 1/5 ಮತ್ತು 3200, 1/4 ಮತ್ತು 2500. ಇನ್ನೊಂದು ದಿಕ್ಕಿನಲ್ಲಿಯೂ 1/13 ಮತ್ತು 8000, 1/15 ಮತ್ತು 10000, 1/20 ಮತ್ತು 12800 ಎಂದು ಇಳಿಯಿರಿ. ಎಲ್ಲ ಚಿತ್ರಗಳ ಹೊಳಪೂ ಒಂದೇ, ಆದರೆ ಸೆನ್ಸರ್‌ಗೆ ಸಿಕ್ಕ ಬೆಳಕು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಬದಲಾಗಿರುತ್ತದೆ. ಈಗ ಎರಡನೆಯ ಕ್ಯಾಮೆರಾದಿಂದ 1/10 ಸೆಕೆಂಡಿನ ಚಿತ್ರ ತೆಗೆದು, ಮೇಲೆ ಹೇಳಿದಂತೆ ಸಂಸ್ಕರಿಸಿ, ಅದು ಸರಣಿಯ ಯಾವ ಮೆಟ್ಟಿಲಿಗೆ ಹೊಂದುತ್ತದೆ ಎಂದು ನೋಡಬೇಕು. ಮೊದಲ ಕ್ಯಾಮೆರಾದ 1/6 ಸೆಕೆಂಡಿನ ಚಿತ್ರದಷ್ಟು ಶುಭ್ರವಾಗಿದ್ದರೆ ಎರಡನೆಯ ಕ್ಯಾಮೆರಾ ಮೂರನೇ ಎರಡು ಸ್ಟಾಪ್ ಮುಂದಿದೆ ಎಂದರ್ಥ. 1/10ರ ಚಿತ್ರಕ್ಕೇ ಹೊಂದಿದರೆ ಎರಡೂ ಸಮ. ಮಧ್ಯಮ ಹೊಳಪಿನ ಭಾಗಕ್ಕೂ ಮರೆಮಾಡಿದ ಕಡುನೆರಳಿನ ಮೂಲೆಗೂ ಈ ಹೋಲಿಕೆಯನ್ನು ಪ್ರತ್ಯೇಕವಾಗಿ ಮಾಡಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಎರಡು ಕಡೆಯ ಉತ್ತರಗಳು ಬೇರೆ ಬೇರೆಯಾಗಿರುವುದು ಸಾಮಾನ್ಯ.

ಇಷ್ಟಪಟ್ಟ ಬ್ರಾಂಡಿನ ಕಡೆಗೆ ಕಣ್ಣು ವಾಲುವುದನ್ನು ತಡೆಯುವುದಕ್ಕಾಗಿ, ಮನೆಯವರೊಬ್ಬರಿಂದ ಕಡತಗಳ ಹೆಸರುಗಳನ್ನು ಬದಲಾಯಿಸಿಕೊಂಡು ನೋಡುವುದು ಉತ್ತಮ. ಮಾಡಿ ನೋಡಿದವರಿಗೆ ಇದರ ಅಗತ್ಯ ತಾನಾಗಿಯೇ ತಿಳಿಯುತ್ತದೆ.

ಸಂಖ್ಯೆಗಳನ್ನೇ ಬಯಸುವವರು ರಾಡಿಗ್ಗರ್‌ನಂಥ ತಂತ್ರಾಂಶದಲ್ಲಿ ಗ್ರೇ ಕಾರ್ಡ್‌ನ ಒಂದು ಸಣ್ಣ ಚೌಕವನ್ನು ಆಯ್ದು, ಹಸಿರು ಚಾನೆಲ್‌ನ ಸರಾಸರಿಯನ್ನೂ ಮಾನಕ ವಿಚಲನೆಯನ್ನೂ (ಏರುಪೇರಿನ ಅಳತೆಯನ್ನೂ) ಓದಬಹುದು. ಸರಾಸರಿಯಿಂದ ಆ ಕ್ಯಾಮೆರಾದ ಕಪ್ಪು ಮಟ್ಟವನ್ನು (ಬೆಳಕೇ ಇಲ್ಲದಾಗ ಕಡತದಲ್ಲಿ ಬರುವ ಸಂಖ್ಯೆಯನ್ನು) ಕಳೆಯುವುದನ್ನು ಮರೆಯಬಾರದು. ಸೋನಿಯ ಅನೇಕ ಮಾದರಿಗಳಲ್ಲಿ 14 ಬಿಟ್ ಕಡತದ ಕಪ್ಪು ಮಟ್ಟ 512. ಕಾರ್ಡ್‌ನ ಮೇಲಿನ ಧೂಳು, ಬೆಳಕಿನ ಅಸಮತೆ ಇವು ನಾಯ್ಸ್ ಎಂದು ಎಣಿಕೆಯಾಗದಂತೆ ತಡೆಯಲು, ಒಂದೇ ಸೆಟ್ಟಿಂಗ್‌ನ ಎರಡು ಚಿತ್ರಗಳನ್ನು ಒಂದರಿಂದೊಂದು ಕಳೆದು, ಉಳಿದದ್ದರ ಮಾನಕ ವಿಚಲನೆಯನ್ನು 1.41ರಿಂದ ಭಾಗಿಸಬೇಕು. ಪ್ರತಿ ಸೆಟ್ಟಿಂಗ್‌ಗೂ ಎರಡು ಚಿತ್ರ ಬೇಕು ಎಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ.

ನಾಯ್ಸ್‌ನ ಸ್ವಭಾವ

ಪ್ರಮಾಣ ಒಂದೇ ಇದ್ದರೂ ಎಲ್ಲ ನಾಯ್ಸ್ ಕಣ್ಣಿಗೆ ಒಂದೇ ರೀತಿ ಕಾಣುವುದಿಲ್ಲ. ಹಳೆಯ ಫಿಲ್ಮ್‌ನ ಗ್ರೇನ್‌ನಂತೆ ಹರಡಿದ ಸಣ್ಣ ಕಣಗಳನ್ನು ಕಣ್ಣು ಸಹಿಸುತ್ತದೆ; ಅಡ್ಡ ಅಥವಾ ಉದ್ದ ಗೆರೆಗಳನ್ನು ಸಹಿಸುವುದಿಲ್ಲ. 2008ರ ಕ್ಯಾನನ್ 5ಡಿ ಮಾರ್ಕ್ 2ರಲ್ಲಿ ನೆರಳನ್ನು ಎತ್ತಿದಾಗ ಮೂಡುತ್ತಿದ್ದ ಪಟ್ಟೆಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಸೆನ್ಸರ್‌ನ ಮೇಲೆಯೇ ಫೋಕಸ್ ಪಿಕ್ಸೆಲ್‌ಗಳಿರುವ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿಯೂ, ಅದರಲ್ಲೂ ಎದುರು ಬೆಳಕು ಲೆನ್ಸ್‌ಗೆ ಬಡಿದಾಗ, ಪಟ್ಟೆಗಳು ಕಾಣಿಸಿಕೊಳ್ಳುವುದುಂಟು. ಕಡುನೆರಳಿನ ಮೂಲೆಯನ್ನು ಮೂರು ಸ್ಟಾಪ್ ಎತ್ತಿ ನೋಡಿ, ಗೆರೆಗಳಿವೆಯೇ, ಕಪ್ಪು ಬಟ್ಟೆ ಹಸಿರಿಗೋ ನೇರಳೆಗೋ ತಿರುಗಿದೆಯೇ, ಬಣ್ಣದ ದೊಡ್ಡ ದೊಡ್ಡ ಮಚ್ಚೆಗಳಿವೆಯೇ ಎಂದು ಪರಿಶೀಲಿಸಬೇಕು. ಮಾನಕ ವಿಚಲನೆಯ ಸಂಖ್ಯೆ ಇವುಗಳಲ್ಲಿ ಯಾವುದನ್ನೂ ಹೇಳುವುದಿಲ್ಲ.

ವಿಪರೀತ ಶುಭ್ರವಾಗಿರುವ ರಾ ಕಡತವನ್ನೂ ಸಂಶಯದಿಂದ ನೋಡಬೇಕು. ಕೆಲವು ಕ್ಯಾಮೆರಾಗಳು ರಾ ಬರೆಯುವ ಮೊದಲೇ ಶೋಧಿಸುತ್ತವೆ. ಸೋನಿಯ ಎ7ಎಸ್ ಮಾರ್ಕ್ 2ರಂಥ ಮಾದರಿಗಳು ಕೆಲವು ಸೆಕೆಂಡ್‌ಗಳಿಗಿಂತ ದೀರ್ಘವಾದ ಎಕ್ಸ್‌ಪೋಶರ್‌ಗಳಲ್ಲಿ ಹಾಟ್ ಪಿಕ್ಸೆಲ್‌ಗಳ (ಬೆಳಕಿಲ್ಲದೆಯೂ ಹೊಳೆಯುವ ಪಿಕ್ಸೆಲ್‌ಗಳ) ಜೊತೆಗೆ ಸಣ್ಣ ನಕ್ಷತ್ರಗಳನ್ನೂ ಅಳಿಸಿಹಾಕುತ್ತಿದ್ದವು ಎಂಬುದು ಆಕಾಶ ಛಾಯಾಗ್ರಾಹಕರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ನಕ್ಷತ್ರಗಳ ಚಿತ್ರ ತೆಗೆಯುವವರು ಬೇರೆಯದೇ ಪರೀಕ್ಷೆಯನ್ನು ಮಾಡಬೇಕು: ಲೆನ್ಸ್ ಮುಚ್ಚಿ, ಕ್ಯಾಮೆರಾಗಳೆರಡೂ ಒಂದೇ ಕೋಣೆಯ ಉಷ್ಣತೆಗೆ ಬಂದಮೇಲೆ, 30 ಸೆಕೆಂಡ್‌ಗಳ ಹಲವು ಚಿತ್ರಗಳನ್ನು ಒಂದಾದಮೇಲೊಂದು ತೆಗೆದು ಹಾಟ್ ಪಿಕ್ಸೆಲ್‌ಗಳನ್ನು ಎಣಿಸಬೇಕು. ಸೆನ್ಸರ್ ಸುಮಾರು 6ರಿಂದ 8 ಡಿಗ್ರಿ ಬಿಸಿಯಾದಂತೆಲ್ಲ ಈ ಬಗೆಯ ನಾಯ್ಸ್‌ಗೆ ಕಾರಣವಾದ ಡಾರ್ಕ್ ಕರೆಂಟ್ ಇಮ್ಮಡಿಯಾಗುವುದರಿಂದ, ಲೈವ್ ವ್ಯೂ ಎಷ್ಟು ಹೊತ್ತು ಚಾಲನೆಯಲ್ಲಿತ್ತು ಎಂಬುದು ಕೂಡ ಫಲಿತಾಂಶವನ್ನು ಬದಲಿಸುತ್ತದೆ.

ಪ್ರಕಟಿತ ಅಂಕಿಗಳನ್ನು ಓದುವುದು

ಸ್ವಂತ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿತ ಅಳತೆಗಳೊಂದಿಗೆ ತಾಳೆ ನೋಡಬಹುದು. ಕ್ಯಾಮೆರಾಗಳನ್ನು ಅಳೆದು ಅಂಕ ಕೊಡುವ ಡಿಎಕ್ಸ್‌ಒಮಾರ್ಕ್‌ನ ಸ್ಪೋರ್ಟ್ಸ್ ಅಂಕ ಎಂದರೆ, ಸಂಕೇತಕ್ಕೂ ನಾಯ್ಸ್‌ಗೂ ಇರುವ ಅನುಪಾತ 30 ಡೆಸಿಬಲ್, ಡೈನಮಿಕ್ ರೇಂಜ್ (ಅತಿ ಕಪ್ಪಿನಿಂದ ಅತಿ ಬಿಳಿಯವರೆಗಿನ ವ್ಯಾಪ್ತಿ) 9 ಸ್ಟಾಪ್ ಮತ್ತು ಬಣ್ಣದ ಆಳ 18 ಬಿಟ್‌ಗಿಂತ ಕೆಳಗಿಳಿಯದೆ ಕ್ಯಾಮೆರಾ ತಲುಪಬಲ್ಲ ಐಎಸ್‌ಒ. ಅದನ್ನು 8 ಮೆಗಾಪಿಕ್ಸೆಲ್ ಮುದ್ರಣಕ್ಕೆ ಸಮಗೊಳಿಸಿ ಲೆಕ್ಕ ಹಾಕುತ್ತಾರೆ. ಈ ಅಂಕಗಳನ್ನು ಕಳೆಯುವ ಬದಲು ಭಾಗಿಸಿ ನೋಡಬೇಕು: ಅಂಕ ಇಮ್ಮಡಿಯಾದರೆ ಒಂದು ಸ್ಟಾಪ್. 2009ರ ನಿಕಾನ್ ಡಿ3ಎಸ್‌ನ ಅಂಕ 3253, 2018ರ ಸೋನಿ ಎ7 ಮಾರ್ಕ್ 3ರದ್ದು 3730. ಸುಮಾರು ಐನೂರು ಅಂಕಗಳ ಅಂತರ ಕೇಳಲು ದೊಡ್ಡದು. ಸ್ಟಾಪ್‌ಗೆ ಬದಲಿಸಿದರೆ ಐದನೇ ಒಂದು ಭಾಗ. ಒಂಬತ್ತು ವರ್ಷಗಳಲ್ಲಿ ಮೆಗಾಪಿಕ್ಸೆಲ್ ಇಮ್ಮಡಿಯಾಗಿದೆ, ಈ ಅಂಕ ಮಾತ್ರ ಹೆಚ್ಚು ಕದಲಿಲ್ಲ. ಫೋಟಾನ್ಸ್ ಟು ಫೋಟೋಸ್ ತಾಣದ ಡೈನಮಿಕ್ ರೇಂಜ್ ನಕ್ಷೆಗಳು ಐಎಸ್‌ಒವಾರು ಅಳತೆ ಕೊಡುವುದರಿಂದ ಇನ್ನಷ್ಟು ಉಪಯುಕ್ತ. ಎರಡು ಹಂತದ ಗೇನ್ ಎಲ್ಲಿ ಬದಲಾಗುತ್ತದೆ ಎಂಬುದು ಅಲ್ಲಿನ ಗೆರೆಯ ಜಿಗಿತದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ರಾ ಕಡತದಲ್ಲಿಯೇ ನಾಯ್ಸ್ ರಿಡಕ್ಷನ್ ನಡೆದಿರುವ ಕಡೆ ತ್ರಿಕೋನದ ಗುರುತು ಇರುತ್ತದೆ.

ಎಷ್ಟು ಅಂತರಕ್ಕೆ ಹಣ ಕೊಡಬಹುದು

ಮೂರನೇ ಒಂದು ಸ್ಟಾಪ್‌ನ ಅಂತರವನ್ನು ಅಕ್ಕಪಕ್ಕ ಇಟ್ಟು ಹುಡುಕಿದರೆ ಕಾಣಬಹುದು; ಗ್ರಾಹಕರಿಗೆ ಕೊಟ್ಟ ಆಲ್ಬಮ್‌ನಲ್ಲಿ ಯಾರೂ ಗುರುತಿಸುವುದಿಲ್ಲ. ಅರ್ಧ ಸ್ಟಾಪ್ ಗಮನಕ್ಕೆ ಬರುತ್ತದೆ. ಒಂದು ಸ್ಟಾಪ್ ಎಂದರೆ 1/250ರ ಬದಲು 1/500 ಬಳಸುವ ಅವಕಾಶ, ಅದಕ್ಕೆ ಬೆಲೆಯಿದೆ. ಈ ದಶಕದ ಸಾಮಾನ್ಯ ಫುಲ್ ಫ್ರೇಮ್ ಕ್ಯಾಮೆರಾಗಳನ್ನು ಒಂದೇ ಗಾತ್ರಕ್ಕೆ ತಂದು ಹೋಲಿಸಿದಾಗ ಅಂತರ ಬಹುಮಟ್ಟಿಗೆ ಅರ್ಧ ಸ್ಟಾಪ್‌ನೊಳಗೇ ನಿಲ್ಲುತ್ತದೆ. ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುವ ಗ್ಲೋಬಲ್ ಶಟರ್ ಇರುವ ಸೋನಿ ಎ9 ಮಾರ್ಕ್ 3ರಂಥ ವಿಶೇಷ ಕ್ಯಾಮೆರಾಗಳು ವೇಗಕ್ಕಾಗಿ ನಾಯ್ಸ್‌ನಲ್ಲಿ ಹಿಂದೆ ಬಿದ್ದಿರುವುದು ಇದಕ್ಕೆ ಅಪವಾದ. ಎಫ್/2.8 ಜೂಮ್ ಬದಲು ಎಫ್/1.8 ಪ್ರೈಮ್ ಬಳಸಿದರೆ ಮಾತ್ರ ಸುಮಾರು ಒಂದೂಕಾಲು ಸ್ಟಾಪ್ ಬೆಳಕು ಹೆಚ್ಚು ಸಿಗುತ್ತದೆ. ಹಾಗಾಗಿ ದುಬಾರಿ ಕ್ಯಾಮೆರಾಗೆ ಮೀಸಲಿಟ್ಟ ಹಣವನ್ನು ಲೆನ್ಸ್‌ಗೆ ತಿರುಗಿಸುವುದು ಅನೇಕರಿಗೆ ಹೆಚ್ಚು ಲಾಭಕರ.

ಬಾಡಿಗೆಯ ಅವಧಿ ಉಳಿದಿದ್ದರೆ, ಅದೇ ಕೋಣೆಯಲ್ಲಿ, ಅದೇ ಲೆನ್ಸ್ ಹಾಕಿ, ನಿಮ್ಮ ಬಳಿ ಈಗಾಗಲೇ ಇರುವ ಕ್ಯಾಮೆರಾವನ್ನೂ ಅದೇ ಮೆಟ್ಟಿಲುಗಳ ಸರಣಿಗೆ ಹೋಲಿಸಿ ಬರೆದಿಟ್ಟುಕೊಳ್ಳಬೇಕು. ಎರಡು ಹೊಸ ಕ್ಯಾಮೆರಾಗಳ ನಡುವಿನ ಅಂತರಕ್ಕಿಂತ, ಹಳೆಯದಕ್ಕೂ ಅವುಗಳಿಗೂ ಇರುವ ಅಂತರವೇ ಖರೀದಿಯ ನಿರ್ಧಾರಕ್ಕೆ ಹೆಚ್ಚು ಸಂಬಂಧಪಟ್ಟದ್ದು.